ಸಾಫಲ್ಯದ ಅಳತೆ: ಲಕ್ಕಮ್ಮನ ಅಕ್ಕಿಯಿಂದ ಇಳಕಲ್ಲಿನ ಜೋಳಿಗೆಯವರೆಗೆ

ಯಶಸ್ಸು ಎಂಬ ಶಬ್ದವು ಇಂದು ಗಳಿಕೆಯ ಪರ್ಯಾಯವಾಗಿ ಬಳಕೆಯಾಗುತ್ತಿದೆ. ಸಂಸ್ಕೃತದ ‘ಯಶಸ್’ ಎಂಬುದಕ್ಕಾದರೋ ಕೀರ್ತಿ, ಸತ್ಕೀರ್ತಿ ಎಂದೇ ಅರ್ಥ. ಮನುಷ್ಯನ ನಡೆಯನ್ನು ಕಂಡು ನಾಲ್ವರು ಆಡುವ ಒಳ್ಳೆಯ ಮಾತು ಅದು. ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲೋಕದ ಹೊಗಳಿಕೆಯನ್ನೂ ಅವರು ಅಳತೆಗೋಲಾಗಿ ಒಪ್ಪಲಿಲ್ಲ. ಗಳಿಸಿದ ಬಗೆ ಯಾವುದು, ಗಳಿಸಿದುದು ಸಂದದ್ದು ಯಾರಿಗೆ ಎಂಬ ಎರಡು ಪ್ರಶ್ನೆಗಳಿಂದಲೇ ಅವರು ಬಾಳಿನ ಸಾಫಲ್ಯವನ್ನು ನಿರ್ಣಯಿಸಿದರು. ಮೊದಲನೆಯದಕ್ಕೆ ಕಾಯಕ, ಎರಡನೆಯದಕ್ಕೆ ದಾಸೋಹ ಉತ್ತರವಾಯಿತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ವೃತ್ತಾಂತವು ಈ ತತ್ತ್ವವನ್ನು ಸುಲಭವಾಗಿ ತಿಳಿಸುತ್ತದೆ. ಕಲ್ಯಾಣದಲ್ಲಿ ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮ ಅದನ್ನು ಕಂಡು ಹರ್ಷಿಸಲಿಲ್ಲ. ಹೆಚ್ಚಾದುದನ್ನು ಇದ್ದಲ್ಲಿಗೇ ಮರಳಿ ಚೆಲ್ಲಿ ಬರುವಂತೆ ಪತಿಗೆ ಹೇಳಿದಳು ಎಂದು ಶರಣ ಪರಂಪರೆ ಸ್ಮರಿಸುತ್ತದೆ. ಬಡತನವಿದೆಯೆಂಬ ನೆಪವನ್ನು ಆಕೆ ಮುಂದೊಡ್ಡಲಿಲ್ಲ. ತನ್ನ ಮನೆಗೆ ಎಷ್ಟು ಸಾಕೆಂಬ ಅರಿವು ಮೊದಲೇ ಇದ್ದುದರಿಂದ, ಹೆಚ್ಚಾದುದು ಯಾವುದೆಂದು ಗುರುತಿಸುವುದು ಆಕೆಗೆ ಸಾಧ್ಯವಾಯಿತು. ಆಯ್ದ ಆ ಅಕ್ಕಿಯಿಂದಲೇ ಈ ದಂಪತಿಗಳು ದಾಸೋಹ ನಡೆಸಿದರೆಂಬುದನ್ನೂ ಗಮನಿಸಬೇಕು. ದಾನದಲ್ಲಿ ಕೊಡುವವನು ಮೇಲು, ಪಡೆಯುವವನು ಕೀಳು ಎಂಬ ಭಾವ ನುಸುಳಬಹುದು. ದಾಸೋಹದಲ್ಲಿ ಕೊಡುವವನೇ ದಾಸ. ಆದ್ದರಿಂದ ಅದಕ್ಕೆ ಸಿರಿವಂತಿಕೆ ಅವಶ್ಯವಲ್ಲ.

ಇದು ಪುರಾಣಕಾಲದ ಆದರ್ಶವಷ್ಟೇ ಎನ್ನುವಂತಿಲ್ಲ. ಚಿತ್ತರಗಿ–ಇಳಕಲ್ಲ ಶ್ರೀ ವಿಜಯ ಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಮಠದ ಜೋಳಿಗೆಗೆ ಕಾಳು ಕಾಸು ಬೀಳುವುದು ರೂಢಿ. ಶ್ರೀಗಳು ಬೇಡಿದ್ದು ಜನರ ದುಶ್ಚಟಗಳನ್ನು. ಬೀಡಿ, ತಂಬಾಕುಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಜನರು ಪ್ರತಿಜ್ಞೆ ಮಾಡಿದರು. ದಿನದ ಕೂಲಿ ಸೆರೆಯಂಗಡಿಗೆ ಹೋಗುವ ಮನೆಯಲ್ಲಿ ಕೂಲಿ ಇಮ್ಮಡಿಯಾದರೂ ಮಕ್ಕಳ ತಟ್ಟೆ ತುಂಬದು. ಚಟ ತೊಲಗಿದರೆ ಅದೇ ಕೂಲಿ ಮನೆಗೆ ಆಧಾರವಾದೀತು. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಣೆಗೆ ತಂದಿದೆ.

ಇಳಕಲ್ಲಿಗೆ ನೆರೆಯ ಹುನಗುಂದ ಸೀಮೆಯ ರಾಮಥಾಳದ ಹೆಸರು ಇಂದು ನಾಡಿಗೆ ಪರಿಚಿತವಾಗಿರುವುದು ಹನಿ ನೀರಾವರಿಯಿಂದ. ಮಳೆಯನ್ನೇ ನಂಬಿದ್ದ ಈ ಭಾಗದ 24,000 ಹೆಕ್ಟೇರ್ ಭೂಮಿಗೆ ಕೃಷ್ಣೆಯ ನೀರನ್ನು ಹನಿಹನಿಯಾಗಿ ಉಣಿಸಲು ರೂಪಿಸಿದ ಯೋಜನೆಯದು. ಬೇರಿಗೆ ಬೇಕಾದಷ್ಟೇ ನೀರು ಎಂಬುದು ಅದರ ಸೂತ್ರ. ಹರಿಬಿಟ್ಟ ನೀರು ಅತಿಯಾದರೆ ಎರೆನೆಲ ಜೌಗಾಗಿ ಬೆಳೆ ಕೆಡುತ್ತದೆಂಬುದನ್ನು ಒಕ್ಕಲಿಗನು ಬಲ್ಲ. ನೀರು ಬಂದಲ್ಲಿ ಬೆಳೆ ಬರುತ್ತದೆ, ಬೆಳೆಯ ಹಿಂದೆ ಹಣವೂ ಬರುತ್ತದೆ. ಬರಲಿ, ಶರಣರು ಸಂಪತ್ತನ್ನು ಹಳಿದವರಲ್ಲ. ಆದರೆ ಹಣ ಬಂದ ಮೇಲೆ ‘ಎಷ್ಟು ಸಾಕು?’ ಎಂದು ಕೇಳಿಕೊಳ್ಳುವುದು ಕಷ್ಟ. ಅದು ಬರುವ ಮೊದಲೇ ಮನೆಮಂದಿ ಕೂಡಿ ಕುಳಿತು ಈ ಮಾತನ್ನು ನಿಶ್ಚಯಿಸಿಕೊಂಡರೆ, ಲಕ್ಕಮ್ಮನಂತೆ ಅವರಿಗೂ ಹೆಚ್ಚಿನ ಅಕ್ಕಿಯ ಗುರುತು ಸಿಕ್ಕೀತು.