ಯೋಜಿತ ಜೀರ್ಣತೆ: ಮೈಸೂರಿನ ಒಂದು ನಿದರ್ಶನ

ಬಳಸಿದ ವಸ್ತು ಸವೆಯುವುದು ಸಹಜ. ಆದರೆ ಅದು ಎಷ್ಟು ಕಾಲ ಬಾಳಬೇಕೆಂಬುದನ್ನು ತಯಾರಕನೇ ಮೊದಲು ಗೊತ್ತುಮಾಡಿ, ಆ ಗಡುವಿಗೆ ತಕ್ಕಂತೆ ಅದನ್ನು ನಿರ್ಮಿಸಿದರೆ, ಆ ಕ್ರಮವನ್ನು ನಾವು ಯೋಜಿತ ಜೀರ್ಣತೆ ಎಂದು ಕರೆಯಬಹುದು. ವಿದ್ಯುದ್ದೀಪದ ಚರಿತ್ರೆ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. 1924ರಲ್ಲಿ ಫಿಲಿಪ್ಸ್, ಆಸ್ರಾಮ್ ಮೊದಲಾದ ಕಂಪನಿಗಳು ಜಿನೀವಾದಲ್ಲಿ ಕೂಟವೊಂದನ್ನು ಕಟ್ಟಿಕೊಂಡು, ಬಲ್ಬಿನ ಆಯುಷ್ಯವನ್ನು 1000 ಗಂಟೆಗಳಿಗೆ ಇಳಿಸಿದುವು. ಅದಕ್ಕಿಂತ ಹೆಚ್ಚು ಕಾಲ ಉರಿಯುವ ಬಲ್ಬನ್ನು ತಯಾರಿಸಿದವರು ದಂಡ ತೆರಬೇಕಾಗಿದ್ದಿತು!

ಅಮೆರಿಕದ ಲೇಖಕ ವ್ಯಾನ್ಸ್ ಪ್ಯಾಕರ್ಡರು 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜೀರ್ಣತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹೆಚ್ಚು ಸಮರ್ಥವಾದ ಹೊಸದು ಬಂದು ಹಳೆಯದು ಹಿಂದೆ ಸರಿಯುವುದು ಒಂದು. ಕಳಪೆ ರಚನೆಯಿಂದ ವಸ್ತು ಬೇಗನೆ ಕೆಡುವುದು ಇನ್ನೊಂದು. ವಸ್ತು ಗಟ್ಟಿಯಾಗಿರುವಾಗಲೇ ಕೊಂಡವನ ಮನಸ್ಸಿನಲ್ಲಿ ಅದು ಹಳತಾಗುವುದು ಮತ್ತೊಂದು. ಮೊದಲನೆಯದನ್ನು ದೂಷಿಸಲು ಕಾರಣವಿಲ್ಲ. ಉಳಿದೆರಡೂ ಮೊದಲನೆಯದರ ವೇಷದಲ್ಲಿ ಬರುವುದರಿಂದಲೇ ತೊಡಕು ಹುಟ್ಟುತ್ತದೆ.

ಈ ಭೇದವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಂದು ನಮ್ಮ ಜಿಲ್ಲೆಯ ಕೈಗಾರಿಕೆ ನಂಜನಗೂಡು, ತಾಂಡ್ಯಗಳವರೆಗೆ ಹಬ್ಬಿದೆ. ಮೈಸೂರು ನಗರದಲ್ಲಿಯೇ 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯು ಮೋಟಾರುಸೈಕಲ್ಲುಗಳನ್ನು ತಯಾರಿಸುತ್ತಿದ್ದಿತು. 1970ರ ದಶಕದಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದುವು. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಎಂಜಿನ್ನು ಟೂ-ಸ್ಟ್ರೋಕ್ ಆದುದರಿಂದ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿರುವಂತಹ ಕವಾಟಗಳ ಗೊಡವೆಯಿಲ್ಲ. ಕೈ ಪಳಗಿದ ಮೆಕ್ಯಾನಿಕ್ಕನು ಸಾಧಾರಣ ಸ್ಪ್ಯಾನರುಗಳಿಂದಲೇ ಅದನ್ನು ಬಿಚ್ಚಿ ಜೋಡಿಸಬಲ್ಲನು.

ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಬಾಳಿಕೆ ಬರುವ ವಸ್ತುವನ್ನು ಮಾಡಿದವನು ಬಾಳಲಾರನೆಂದು ಇದರಿಂದ ತೀರ್ಮಾನಿಸುವವರುಂಟು. ನಾವು ಅದನ್ನು ಒಪ್ಪುವುದಿಲ್ಲ. 1985ರಿಂದ ಹೀರೋ ಹೋಂಡಾದಂತಹ 100 ಸಿಸಿಯ ಫೋರ್-ಸ್ಟ್ರೋಕ್ ವಾಹನಗಳು ಬಂದುವು. ಅವು ಕಡಿಮೆ ಪೆಟ್ರೋಲು ಕುಡಿದು ಕಡಿಮೆ ಹೊಗೆ ಬಿಡುತ್ತಿದ್ದುವು. 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದುವು. ಅಂದರೆ ಜಾವಾವನ್ನು ಹಿಂದಿಕ್ಕಿದ್ದು ಪ್ಯಾಕರ್ಡರು ಹೇಳಿದ ಮೊದಲನೆಯ ಬಗೆಯ ಜೀರ್ಣತೆ. ಆದರೂ ಆ ಗಾಡಿಗಳು ಇಂದಿಗೂ ಮೈಸೂರಿನ ಬೀದಿಗಳಲ್ಲಿ ಸದ್ದುಮಾಡುತ್ತ ಓಡುತ್ತಿವೆ. ತಯಾರಕನಿಲ್ಲದಿದ್ದರೂ ರಿಪೇರಿ ನಡೆಯುತ್ತಿರುವುದಕ್ಕೆ ಅವುಗಳ ರಚನೆಯಲ್ಲಿ ಗುಟ್ಟಿಲ್ಲದಿರುವುದೇ ಮುಖ್ಯ ಕಾರಣ.

ಇಂದಿನ ಮೊಬೈಲಿನ ಸ್ಥಿತಿ ಬೇರೆ. ಬ್ಯಾಟರಿಯನ್ನು ಅಂಟುಹಾಕಿ ಕೂರಿಸಿರುತ್ತಾರೆ. ತಂತ್ರಾಂಶದ ಪರಿಷ್ಕರಣ ನಿಂತೊಡನೆ ಚೆನ್ನಾಗಿರುವ ಯಂತ್ರವೂ ಕ್ರಮೇಣ ನಿರುಪಯೋಗವಾಗುತ್ತದೆ. ಫ್ರಾನ್ಸ್ ದೇಶವು 2015ರ ಕಾನೂನಿನಲ್ಲಿ ಯೋಜಿತ ಜೀರ್ಣತೆಯನ್ನು ಅಪರಾಧವೆಂದು ಸಾರಿತು. ಹಳೆಯ ಫೋನುಗಳ ವೇಗ ಕುಗ್ಗಬಹುದೆಂಬುದನ್ನು ಗ್ರಾಹಕರಿಗೆ ತಿಳಿಸಲಿಲ್ಲವೆಂದು ಆಪಲ್ ಕಂಪನಿಗೆ ಅಲ್ಲಿ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಬಿದ್ದಿತು.

ಭಾರತ ಸರ್ಕಾರವು 2022ರಲ್ಲಿ ರಿಪೇರಿಯ ಹಕ್ಕನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಮೊಬೈಲು, ಗೃಹೋಪಯೋಗಿ ವಸ್ತುಗಳು, ವಾಹನಗಳೊಡನೆ ಕೃಷಿಯ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿದ್ದು ವಿಶೇಷ. ತಾಂಡ್ಯದ ಕಾರ್ಖಾನೆಗಳಲ್ಲಿ ಸಂಬಳಕ್ಕೆ ದುಡಿಯುವವನ ಫೋನೂ, ಅದರ ಸುತ್ತಣ ರೈತನ ಟಿಲ್ಲರೂ ಅಲ್ಲಿಗೆ ಒಂದೇ ಪ್ರಶ್ನೆಯಡಿ ಬಂದಂತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಿಪೇರಿಯ ವಿವರಗಳನ್ನು ಒದಗಿಸುವ ಜಾಲತಾಣವೂ ತೆರೆಯಿತು. ಆದರೆ ವಿವರ ದೊರೆತ ಮಾತ್ರಕ್ಕೆ ಬಿಡಿಭಾಗ ದೊರೆಯುವುದಿಲ್ಲ. ಮಾರಾಟ ನಿಂತ ಮೇಲೆ ಎಷ್ಟು ವರ್ಷ, ಯಾವ ಬೆಲೆಗೆ, ಯಾರ ಅಂಗಡಿಗೆ ಅದನ್ನು ಕೊಡಬೇಕೆಂಬುದನ್ನು ಕಾನೂನೇ ಗೊತ್ತುಮಾಡಬೇಕು.