ಹಳೆಯ ಮನೆಯ ಹೊಸ ಕೋಣೆ

ಹೈದರಾಬಾದಿನ ಸುಲ್ತಾನ್ ಬಜಾರಿಗೆ ಆ ಹೆಸರು ಬಂದುದು 1933ರಲ್ಲಿ. ಅದಕ್ಕೆ ಮುನ್ನ ಅದು ರೆಸಿಡೆನ್ಸಿ ಬಜಾರು. 19ನೆಯ ಶತಮಾನದ ಆದಿಯಲ್ಲಿ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ನೆರಳಿನಲ್ಲಿ, ಮೂಸಿ ನದಿಯ ಉತ್ತರ ದಡದಲ್ಲಿ ಬೆಳೆದ ಈ ಪೇಟೆಯು ನಿಜಾಮರ ರಾಜ್ಯದ ನಟ್ಟನಡುವೆ ಇದ್ದರೂ ಅವರ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಸಾಹುಕಾರರು ಇಲ್ಲಿ ನೆಲೆಸಿದರು. ರಾಜ್ಯದ ಉಳಿದೆಡೆಗಳಲ್ಲಿ ಸುಲಭವಾಗಿ ನಡೆಯದ ಸಭೆ ಸಂಘಗಳೂ ಇಲ್ಲಿ ನಡೆದುವು. ಕನ್ನಡಿಗರೂ ತಮ್ಮವನೆಂದುಕೊಳ್ಳುವ ಅರಸನ ಹೆಸರನ್ನು ಹೊತ್ತ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು 1901ರಲ್ಲಿ ಹುಟ್ಟಿದುದು ಈ ಬಜಾರಿನಲ್ಲಿಯೇ. ಇಲ್ಲಿಗೆ ಸಮೀಪದ ಕಾಚಿಗೂಡದಲ್ಲಿ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ನೆಲೆಗೊಂಡುವು. 1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಇಲ್ಲಿಯೇ ಉಳಿದ ಕನ್ನಡ ಮನೆತನಗಳಿಗೆ ಈ ಓಣಿಗಳು ಪರಸ್ಥಳವೆನಿಸಲಿಲ್ಲ.

ಇಂಥ ಓಣಿಗಳ ಹಳೆಯ ಮನೆಯೊಂದು ಪಾಲಾಗಿ, ಅದರ ಒಂದು ಕೋಣೆಗೆ ಹೊಸ ಬಣ್ಣ ಬಳಿದು, ಮೂಲೆಯಲ್ಲಿ ಅಡುಗೆಯ ಕಟ್ಟೆ ಕಟ್ಟಿ, ಇನ್ನೊಂದು ಮೂಲೆಯಲ್ಲಿ ಸ್ನಾನಗೃಹವನ್ನು ಅಡಗಿಸಿ, ‘ಸ್ಟುಡಿಯೋ’ ಎಂಬ ಹೆಸರಿನಿಂದ ಮಾರಾಟಕ್ಕೆ ಬರುವುದುಂಟು. ಚಿತ್ರಕಾರನ ಕೆಲಸದ ಕೋಣೆಗೆ ಸಲ್ಲುತ್ತಿದ್ದ ಮಾತು ಈಗ ಒಂಟಿ ಕೋಣೆಯ ಮನೆಗೆ ಸಂದಿದೆ. ನಿವೃತ್ತಿಯ ಹಣದಲ್ಲಿ ತನ್ನದೆಂಬ ಒಂದು ಸೂರನ್ನು, ಅದೂ ತಾನು ಬೆಳೆದ ಮೊಹಲ್ಲಾದಲ್ಲಿ, ಪಡೆಯಬಯಸುವವನಿಗೆ ಅದು ಆಕರ್ಷಕವಾಗಿ ಕಾಣುವುದು ಸಹಜ. ಆದರೆ ಆ ಕೋಣೆಯು ನಿಂತಿರುವುದು ಕೋಣೆಯ ಹೊರಗಿನ ಸಂಗತಿಗಳ ಮೇಲೆ.

ಮೊದಲನೆಯದು ಗೋಡೆ. ಹಳೆಯ ಮನೆಗಳ ಗೋಡೆ ಕಲ್ಲು ಇಟ್ಟಿಗೆಗಳದು, ಸುಣ್ಣದ ಗಾರೆಯದು. ನೆಲದ ತೇವವನ್ನು ಅದು ಹೀರುತ್ತದೆ. ಸುಣ್ಣದ ಗಿಲಾವಿನ ಮೂಲಕ ಅದನ್ನು ಮೆಲ್ಲಮೆಲ್ಲನೆ ಗಾಳಿಗೆ ಬಿಡುತ್ತದೆ. ನವೀಕರಣದ ಹೆಸರಿನಲ್ಲಿ ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವವು ಹೊರಬೀಳಲಾರದೆ ಮೇಲಕ್ಕೇರುತ್ತದೆ, ಗೋಡೆ ಉಪ್ಪು ಉಗುಳುತ್ತದೆ, ಗಿಲಾವು ಹಕ್ಕಳೆಯಾಗಿ ಉದುರುತ್ತದೆ. ಹೊಸ ಬಣ್ಣವು ಇದನ್ನು ಒಂದು ಮಳೆಗಾಲದವರೆಗೆ ಮುಚ್ಚಬಲ್ಲುದು. ಆದುದರಿಂದ ಇಂಥ ಮನೆಯನ್ನು ನೋಡಲು ತಕ್ಕ ಕಾಲ ಬೇಸಗೆಯಲ್ಲ, ಮಳೆ ಹಿಂತೆಗೆಯುವ ಕಾಲ. ನೆಲದಿಂದ ಮೊಳದೆತ್ತರದಲ್ಲಿ ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು ತಾನೇ ಹೇಳುತ್ತದೆ.

ಕಾಲಡಿಯ ನೆಲದಲ್ಲಿ ಕನ್ನಡಿಗನು ತನ್ನ ನಾಡನ್ನೇ ಕಾಣಬಹುದು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲುಮಾರ್ಗ ತೆರೆದ ಮೇಲೆ ಗುಲ್ಬರ್ಗ ಜಿಲ್ಲೆಯ ಶಹಾಬಾದಿನ ಹಾಸುಗಲ್ಲಿಗೆ ಈ ನಗರದ ದಾರಿ ಸುಗಮವಾಯಿತು. ಆ ನುಣುಪಾದ ಬೂದುಬಣ್ಣದ ಚಪ್ಪಡಿಯೂ ಸುಣ್ಣಕಲ್ಲೇ. ಸುಣ್ಣಕಲ್ಲನ್ನೇ ಜೇಡಿಯೊಡನೆ ಸುಟ್ಟು ಅರೆದು ಸಿಮೆಂಟು ಮಾಡುತ್ತಾರೆ. 1936ರಲ್ಲಿ ಎ.ಸಿ.ಸಿ. ಸಂಸ್ಥೆಯಲ್ಲಿ ವಿಲೀನವಾದ ಕಂಪೆನಿಗಳಲ್ಲಿ ಶಹಾಬಾದ್ ಸಿಮೆಂಟು ಕಂಪೆನಿಯೂ ಒಂದು. ಒಂದೇ ಊರು ನೆಲಕ್ಕೆ ಶತಾಯುಷಿಯಾದ ಕಲ್ಲನ್ನೂ ಗೋಡೆಗೆ ಒಗ್ಗದ ಲೇಪವನ್ನೂ ಕೊಟ್ಟುದು ವಿನೋದವೇ ಸರಿ. ನವೀಕರಿಸುವವರು ಆ ಕಲ್ಲಿನ ಮೇಲೆ ಹೊಳೆಯುವ ಟೈಲುಗಳನ್ನು ಹಾಸಿದ್ದರೆ ಮಾಳಿಗೆಯ ಮೇಲಿನ ಭಾರ ಹೆಚ್ಚಿತೆಂದೇ ಅರ್ಥ. ಕೆಳಗಿನ ಅಂತಸ್ತಿಗೆ ಹೋಗಿ ಉಕ್ಕಿನ ತೊಲೆಗಳು ತುಕ್ಕು ಹಿಡಿದಿವೆಯೆ, ಅವುಗಳ ನಡುವಿನ ಇಟ್ಟಿಗೆಯ ಕಿರುಕಮಾನುಗಳು ಬಿರಿದಿವೆಯೆ ಎಂದು ನೋಡಬೇಕು. ಮೊದಲು ನೀರೇ ಇಲ್ಲದಿದ್ದ ಕೋಣೆಗೆ ನಲ್ಲಿಯೂ ಮೋರಿಯೂ ಬಂದಿರುವುದರಿಂದ ಈ ಪರೀಕ್ಷೆ ಮತ್ತಷ್ಟು ಅವಶ್ಯ.

ಅಳತೆಯಲ್ಲಿಯೂ ಎಚ್ಚರ ಬೇಕು. ಹೊರಮೈ 20 ಅಡಿ ಉದ್ದ, 15 ಅಡಿ ಅಗಲವಿದ್ದು ನಾಲ್ಕೂ ಕಡೆ ಎರಡಡಿ ದಪ್ಪದ ಗೋಡೆಯಿರುವ ಕೋಣೆಯನ್ನು 300 ಚದರಡಿ ಎಂದು ಹೇಳಬಹುದು. ಒಳಗೆ ಓಡಾಡಲು ದೊರೆಯುವುದು 176 ಚದರಡಿ ಮಾತ್ರ. 2016ರ ರಿಯಲ್ ಎಸ್ಟೇಟ್ ಕಾಯಿದೆಯು ಹೊರಗೋಡೆಯನ್ನು ಬಿಟ್ಟೇ ‘ಕಾರ್ಪೆಟ್’ ವಿಸ್ತೀರ್ಣವನ್ನು ಲೆಕ್ಕಹಾಕಬೇಕೆನ್ನುತ್ತದೆ. ಆದರೆ 500 ಚದರ ಮೀಟರಿಗೆ ಮೀರದ ನಿವೇಶನ ಅಥವಾ ಎಂಟಕ್ಕೆ ಮೀರದ ಮನೆಗಳ ಯೋಜನೆಗೆ ಆ ಕಾಯಿದೆಯ ನೋಂದಣಿ ಕಡ್ಡಾಯವಲ್ಲ. ಪಾಲಾದ ಹಳೆಯ ಮನೆ ಬಹುಮಟ್ಟಿಗೆ ಈ ರಿಯಾಯಿತಿಯೊಳಗೇ ಬರುತ್ತದೆ.

ಇನ್ನು ಕಾಗದಪತ್ರ. ಇಲ್ಲಿನ ಹಳೆಯ ದಸ್ತಾವೇಜುಗಳು ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ, ಹಾಲಿ ಸಿಕ್ಕಾ ರೂಪಾಯಿಯಲ್ಲಿ ಇರುವುದುಂಟು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ: 1345 ಫಸಲಿ ಎಂದರೆ 1935-36. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿಯೆಂಬುದು ಸ್ಥೂಲವಾದ ಲೆಕ್ಕ. ತರ್ಜುಮೆ ಮಾಡಿಸಿ ಓದಿದಲ್ಲದೆ ಜಾಗವು ವಕ್ಫಿಗೆ ಸೇರಿದ್ದಿತೋ, ಯಾರ ವಾರಸಿನಲ್ಲಿ ಎಷ್ಟು ಪಾಲಾಯಿತೋ ತಿಳಿಯದು. ನೋಂದಣಿ ಕಚೇರಿಯ ಋಣಭಾರ ಪತ್ರವೊಂದನ್ನೇ ನಂಬಿದರೆ ಸಾಲದು.

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಪಾಲಿನಲ್ಲಿ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಕೊಂಡ ಹೊರಗಿನವನಿಗೆ ಅಲ್ಲಿ ಜಂಟಿಯಾಗಿ ವಾಸಿಸುವ ಹಕ್ಕು ಬರುವುದಿಲ್ಲ. ಅವನು ವಿಭಾಗಕ್ಕಾಗಿ ದಾವೆ ಹೂಡಿದರೆ 1893ರ ವಿಭಾಗ ಕಾಯಿದೆಯ 4ನೆಯ ಕಲಮು ಅಡ್ಡಬರುತ್ತದೆ: ಕುಟುಂಬದ ಪಾಲುದಾರನು ಇಚ್ಛಿಸಿದರೆ ನ್ಯಾಯಾಲಯವು ಬೆಲೆ ಕಟ್ಟಿ ಆ ಪಾಲನ್ನು ಅವನಿಗೇ ಮಾರಿಸುತ್ತದೆ. ಅಂದರೆ ನಾಲ್ವರು ಅಣ್ಣತಮ್ಮಂದಿರಲ್ಲಿ ಒಬ್ಬನು, ಉಳಿದವರ ಸಹಿಯಿಲ್ಲದೆ, ವಿಭಾಗಪತ್ರವಿಲ್ಲದೆ ಮಾರಿದ ಕೋಣೆಗೆ ಬಣ್ಣ ಎಷ್ಟು ಚೆಲುವಾಗಿದ್ದರೇನು? ಕೊಂಡವನು ಹಣ ತೆತ್ತು ಹೊಸ್ತಿಲಲ್ಲಿಯೇ ನಿಲ್ಲಬೇಕಾದೀತು.

‘ಐತಿಹಾಸಿಕ ಬಡಾವಣೆ’ ಎಂಬ ವಿಶೇಷಣಕ್ಕೂ ಬೆಲೆ ಕೇಳುವುದುಂಟು. ನಗರದ ಪಾರಂಪರಿಕ ಕಟ್ಟಡಗಳನ್ನು ರಕ್ಷಿಸಲು 1995ರಲ್ಲಿ ಬಂದ 13ನೆಯ ನಿಯಮವನ್ನು ಸರ್ಕಾರವು 2015ರಲ್ಲಿ ಹಿಂತೆಗೆದುಕೊಂಡಿತು. 2017ರಲ್ಲಿ ತೆಲಂಗಾಣ ಪರಂಪರೆ ಕಾಯಿದೆ ಬಂತು. ಎರ್ರಂ ಮಂಜಿಲ್ ಅರಮನೆಯನ್ನು ಕೆಡಹುವ ಸಂಪುಟದ ನಿರ್ಣಯವನ್ನು 2019ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಆದರೆ ಇವು ಅರಮನೆಗಳ ಸಂಗತಿ. ಓಣಿಯ ಸಾಮಾನ್ಯ ಮನೆಗೆ ಈ ಆಸರೆ ದೊರೆಯುವುದು ವಿರಳ; ಎದುರಿನ ಮನೆಯವರು ನಾಳೆಯೇ ಕೆಡವಿ ಐದಂತಸ್ತು ಎಬ್ಬಿಸಲು ಅನುಮತಿ ಪಡೆದರೆ, ಬೆಳಕಿಗೂ ಹಳತನಕ್ಕೂ ತೆತ್ತ ಹಣ ಮರಳಿ ಬಾರದು. ವರ್ತಕರ ವಿರೋಧವನ್ನು ದಾಟಿ 2020ರ ಫೆಬ್ರವರಿಯಲ್ಲಿ ಸುಲ್ತಾನ್ ಬಜಾರಿನ ಮೂಲಕ ಮೆಟ್ರೊ ಹರಿದ ಮೇಲೆ ಈ ಬಗೆಯ ನೆಲಕ್ಕೆ ಗಿರಾಕಿಗಳು ಇಲ್ಲದಿಲ್ಲ.

ಇಷ್ಟಾಗಿಯೂ ಕೊಳ್ಳಬಾರದೆಂದಲ್ಲ. ಸುಣ್ಣದಿಂದಲೇ ದುರಸ್ತಿಯಾದ ಗೋಡೆ, ಎಲ್ಲ ಪಾಲುದಾರರ ಸಹಿಯಿರುವ ನೋಂದಾಯಿತ ವಿಭಾಗಪತ್ರ, ನೆಲದಲ್ಲಿ ಇಷ್ಟು ಪಾಲೆಂಬ ಸ್ಪಷ್ಟ ನಮೂದು ಇದ್ದರೆ, ಹೊರವಲಯದ ಹೊಸ ಗೂಡುಗಳಿಗಿಂತ ಈ ಕೋಣೆ ತಂಪಾಗಿಯೇ ಇರುತ್ತದೆ. ಕ್ರಯಪತ್ರಕ್ಕೆ ಒಂದು ನಕ್ಷೆಯನ್ನು ಲಗತ್ತಿಸಿ, ಮೆಟ್ಟಿಲು, ಅಂಗಳ, ನಲ್ಲಿ, ಮೋರಿಗಳನ್ನು ಬಳಸುವ ಹಕ್ಕನ್ನು ಅದರಲ್ಲಿ ಗುರುತಿಸಬೇಕು. ಮಾಳಿಗೆ ಸೋರಿದಾಗ ಯಾರು ಎಷ್ಟು ಕೊಡಬೇಕೆಂಬುದನ್ನೂ ಅಲ್ಲಿಯೇ ಬರೆಯಿಸಬೇಕು.