ಹಳೆಯ ಮೋಟಾರ್ ಸೈಕಲ್: ಉಳಿಸಿಕೊಳ್ಳುವುದೋ, ಹೊಸದನ್ನು ಕೊಳ್ಳುವುದೋ?

ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ವಸತಿ ಸಂಕೀರ್ಣಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಭಾರಿ ಮೋಟಾರ್ ಸೈಕಲ್ಲೊಂದು ಇಂದಿಗೂ ಕಾಣಸಿಗುತ್ತದೆ. ಪುಣೆಯಿಂದ ಬೆಳಗಾವಿಗೆ, ಹೈದರಾಬಾದಿನಿಂದ ಕಲಬುರಗಿಗೆ, ಮುಂಬಯಿಯಿಂದ ಕರಾವಳಿಯ ಹಾದಿ ಹಿಡಿದು ಮಂಗಳೂರಿಗೆ ಹೋಗಿಬಂದ ನೆನಪುಗಳನ್ನು ಅದು ಹೊತ್ತಿರುತ್ತದೆ. ವರ್ಷ ಕಳೆದಂತೆ ದುರಸ್ತಿಯ ಖರ್ಚು ಏರುತ್ತದೆ, ಮನೆಯವರು ‘ಇನ್ನು ಸಾಕು, ಹೊಸದನ್ನು ತೆಗೆದುಕೊಳ್ಳಿ’ ಎನ್ನುತ್ತಾರೆ, ಸವಾರನ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಈ ನಿರ್ಧಾರವನ್ನು ಹೆಚ್ಚಿನವರು ಕೈಗೊಳ್ಳುವುದು ಹೊಸ ವಾಹನದ ಹೊಳಪನ್ನು ನೋಡಿ ಇಲ್ಲವೇ ಹಳೆಯದರ ಮೇಲಣ ಮೋಹದಿಂದ. ಇವೆರಡನ್ನೂ ಬದಿಗಿರಿಸಿ ಕಾಗದಪತ್ರ, ಯಂತ್ರದ ಆರೋಗ್ಯ, ಸುರಕ್ಷತೆ, ಹಣ ಎಂಬ ನಾಲ್ಕು ವಿಷಯಗಳನ್ನು ಇದೇ ಅನುಕ್ರಮದಲ್ಲಿ ಪರಿಶೀಲಿಸಿದರೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ದೊರೆಯುತ್ತದೆ. ವಿವರಣೆಗೆ ಅನುಕೂಲವಾಗಲೆಂದು 2012-13ರ ಸುಮಾರಿಗೆ ಕೊಂಡ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ವಾಹನವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದೂರ ಪ್ರಯಾಣಕ್ಕೆಂದೇ ರೂಪಿಸಲಾದ, 20 ಲೀಟರ್ ಪೆಟ್ರೋಲ್ ಹಿಡಿಯುವ ಟ್ಯಾಂಕ್ ಹೊಂದಿದ್ದ ಈ ಮಾದರಿಯ ತಯಾರಿಕೆ 2020ರಲ್ಲಿ ನಿಂತು, ಅದೇ ವರ್ಷದ ನವೆಂಬರ್‌ನಲ್ಲಿ ಮೀಟಿಯೋರ್ 350 ಅದರ ಸ್ಥಾನಕ್ಕೆ ಬಂದಿತು.

ಮೊದಲು ಕಾಗದಪತ್ರ

ಖಾಸಗಿ ದ್ವಿಚಕ್ರ ವಾಹನದ ನೋಂದಣಿಯು ಹದಿನೈದು ವರ್ಷಗಳ ಕಾಲ ಊರ್ಜಿತವಾಗಿರುತ್ತದೆ. ಆ ಬಳಿಕ ವಾಹನವನ್ನು ಆರ್.ಟಿ.ಓ. ಕಚೇರಿಯ ತಪಾಸಣೆಗೆ ಒಪ್ಪಿಸಿ, ಒಂದು ಬಾರಿಗೆ ಐದು ವರ್ಷದಂತೆ ನವೀಕರಿಸಿಕೊಳ್ಳಬೇಕು. ನಮ್ಮ ಉದಾಹರಣೆಯ ವಾಹನಕ್ಕೆ ಈ ಗಡುವು 2027-28ರಲ್ಲಿ ಬರುತ್ತದೆ. ಮೋಟಾರ್ ಸೈಕಲ್‌ಗಳ ನವೀಕರಣ ಶುಲ್ಕವು 2022ರ ಏಪ್ರಿಲ್‌ನಲ್ಲಿ 300 ರೂಪಾಯಿಗಳಿಂದ 1000 ರೂಪಾಯಿಗಳಿಗೆ ಏರಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನಲ್ಲಿ ಇದನ್ನು 2000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಮಹಾರಾಷ್ಟ್ರದಂತಹ ರಾಜ್ಯಗಳಲ್ಲಿ ಪರಿಸರ ತೆರಿಗೆಯೂ ಸೇರುತ್ತದೆ. ಈ ಮೊತ್ತಗಳು ದೊಡ್ಡವಲ್ಲ. ಆದರೆ ಗಡುವು ಮುಗಿದ ಮೇಲೆ ಪ್ರತಿ ತಿಂಗಳಿಗೂ ಹೆಚ್ಚುವರಿ ಶುಲ್ಕ ಬೀಳುವುದರಿಂದ ದಿನಾಂಕವನ್ನು ಮೊದಲೇ ಗುರುತಿಸಿಟ್ಟುಕೊಳ್ಳುವುದು ಲೇಸು.

ದೆಹಲಿಯ ಕನ್ನಡಿಗರ ಪರಿಸ್ಥಿತಿ ಬೇರೆ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ವಿಧಿಸಿದ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಇಂತಹ ವಾಹನಗಳ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದ ನ್ಯಾಯಾಲಯವು, ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್-4 ಮತ್ತು ಅದರ ನಂತರದ ಮಾನದಂಡದ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ದ್ವಿಚಕ್ರ ವಾಹನಗಳಿಗೆ ದೇಶದಾದ್ಯಂತ ಸ್ಟೇಜ್-4 ಕಡ್ಡಾಯವಾದದ್ದು 2017ರಲ್ಲಿ. ಅಂದರೆ 2012ರ ಮೋಟಾರ್ ಸೈಕಲ್ ಸ್ಟೇಜ್-3ರದ್ದು; ಹದಿನೈದು ತುಂಬಿದ ಬಳಿಕ ಅದಕ್ಕೆ ಅಲ್ಲಿ ರಕ್ಷಣೆಯಿಲ್ಲ. ಗಡುವಿಗೆ ಮುನ್ನವೇ ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯದಲ್ಲಿರುವ ಬಂಧುಗಳ ಊರಿಗೆ ಸಾಗಿಸುವುದು ಇಲ್ಲವೇ ಮಾರುವುದು, ಇವೆರಡೇ ದಾರಿ.

ಕರ್ನಾಟಕದ ನೋಂದಣಿ ಸಂಖ್ಯೆಯಲ್ಲಿಯೇ ಪರರಾಜ್ಯದಲ್ಲಿ ಓಡುತ್ತಿರುವ ವಾಹನಗಳೂ ನಮ್ಮವರಲ್ಲಿ ಅನೇಕ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಮತ್ತೊಂದು ರಾಜ್ಯದಲ್ಲಿ ಇರಿಸಿದರೆ ಅಲ್ಲಿಯ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ ನಿಯಮ. ಇನ್ನು ತಂದೆಯವರು ತೀರಿಕೊಂಡ ಮೇಲೂ ಆರ್.ಸಿ. ಅವರ ಹೆಸರಿನಲ್ಲಿಯೇ ಉಳಿದುಬಿಟ್ಟಿರುವ ಮನೆಗಳುಂಟು. ಮರಣದ ವಿಷಯವನ್ನು ಮೂವತ್ತು ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ಉತ್ತರಾಧಿಕಾರಿಯ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಇದನ್ನು ಮಾಡದೆ ದೂರ ಪ್ರಯಾಣಕ್ಕೆ ಹೊರಟು ಅಪಘಾತವಾದರೆ ವಿಮೆಯ ಹಣ ದೊರೆಯುವುದು ಕಷ್ಟವಾಗುತ್ತದೆ. ಕಾಗದಪತ್ರದ ಹಂತದಲ್ಲಿಯೇ ವಾಹನ ನಿಲ್ಲದಿದ್ದರೆ ಮುಂದಿನ ಲೆಕ್ಕಗಳೆಲ್ಲ ವ್ಯರ್ಥ.

ಯಂತ್ರದ ಆರೋಗ್ಯ

ಮೋಟಾರ್ ಸೈಕಲ್ಲಿನ ಭಾಗಗಳಲ್ಲಿ ಎರಡು ಬಗೆ. ಚೈನು-ಸ್ಪ್ರಾಕೆಟ್, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟಯರು, ಬ್ಯಾಟರಿ, ಕೇಬಲ್ಲುಗಳು ಸವೆಯುವುದಕ್ಕೆಂದೇ ಇರುವಂಥವು. ಅವು ಹೋದವೆಂದು ವಾಹನವನ್ನು ಹಳಿಯಲಾಗದು. ಫ್ರೇಮು, ಇಂಜಿನ್ನಿನ ಒಡಲು, ವೈರಿಂಗ್ ಇವು ಎರಡನೆಯ ಬಗೆಯವು. ನಿರ್ಧಾರ ನಿಂತಿರುವುದು ಇವುಗಳ ಮೇಲೆ.

ಬೆಳಗಿನ ಹೊತ್ತು ತಣ್ಣಗಿರುವ ಇಂಜಿನ್ನನ್ನು ಚಾಲೂ ಮಾಡಿ ಹೊಗೆಯನ್ನು ಗಮನಿಸಿರಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದಿರಬಹುದು. ಇದು ಖರ್ಚಿನ ಕೆಲಸವಾದರೂ ಸರಿಪಡಿಸಬಹುದಾದದ್ದು. ಕ್ರ್ಯಾಂಕ್ ಕಡೆಯಿಂದ ಕೇಳಿಬರುವ ಒಣ ಬಡಿತ ಇನ್ನೂ ದೊಡ್ಡ ಕೆಲಸದ ಸೂಚನೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ ಕೋನ್ ಸೆಟ್ ಬದಲಾಗಬೇಕು. ಫ್ರೇಮಿನ ಬೆಸುಗೆಗಳ ಬಳಿ ಬಿರುಕು, ಆಳವಾದ ತುಕ್ಕು ಅಥವಾ ಹಳೆಯ ಅಪಘಾತದ ಬಾಗು ಕಂಡುಬಂದರೆ ಮಾತ್ರ ದೂರ ಪ್ರಯಾಣದ ಆಲೋಚನೆಯನ್ನು ಅಲ್ಲಿಯೇ ಕೈಬಿಡಬೇಕು. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಬಯಲಲ್ಲೇ ನಿಂತ ವಾಹನಗಳಿಗೆ ಈ ಪರೀಕ್ಷೆ ಅತ್ಯಗತ್ಯ.

ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳನ್ನೂ ಓದಿಕೊಳ್ಳಿ. 3519 ಎಂದಿದ್ದರೆ ಅದು 2019ರ 35ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ವಾಹನದಲ್ಲಿ ಟಯರಿನ ಗೆರೆಗಳು ಹೊಸದರಂತೆ ಕಂಡರೂ ರಬ್ಬರು ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಟ್ಟುಕೊಡುತ್ತದೆ.

ಇಂಧನದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ದೇಶದೆಲ್ಲೆಡೆ ಬಂದಿದೆ. ಅದಕ್ಕೆ ಒಗ್ಗುವ ಬಿಡಿಭಾಗಗಳೊಂದಿಗೆ ವಾಹನಗಳು ಸಾರ್ವತ್ರಿಕವಾಗಿ ಬರತೊಡಗಿದ್ದು 2023ರ ಏಪ್ರಿಲ್‌ನಿಂದ ಈಚೆಗೆ. ಎಥೆನಾಲ್ ತೇವಾಂಶವನ್ನು ಹೀರುತ್ತದೆ, ಹಳೆಯ ರಬ್ಬರ್ ನಳಿಕೆ ಮತ್ತು ವಾಷರ್‌ಗಳನ್ನು ಬೇಗ ಕೆಡಿಸುತ್ತದೆ. ಲೀಟರೊಂದಕ್ಕೆ ಅದರ ಶಕ್ತಿಯೂ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಕಾರ್ಬುರೇಟರ್ ಇರುವ ಹಳೆಯ ವಾಹನವನ್ನು ಉಳಿಸಿಕೊಳ್ಳುವವರು ಪೆಟ್ರೋಲ್ ನಳಿಕೆಗಳನ್ನು ಹೊಸದಾಗಿ ಹಾಕಿಸಿ, ವಾಹನವನ್ನು ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಅಭ್ಯಾಸ ಬಿಡುವುದು ಒಳ್ಳೆಯದು.

ಸುರಕ್ಷತೆ: ನಿಜವಾದ ವ್ಯತ್ಯಾಸ

ಹೊಸ ವಾಹನ ಎಂದೊಡನೆ ಹೆಚ್ಚು ಶಕ್ತಿ ಎಂದು ಭಾವಿಸುವವರೇ ಬಹಳ. ಥಂಡರ್‌ಬರ್ಡ್ 350ರ ಇಂಜಿನ್ 346 ಸಿ.ಸಿ., ಮೀಟಿಯೋರ್‌ನದು 349 ಸಿ.ಸಿ. ಎರಡರ ಬಲವೂ ಇಪ್ಪತ್ತು ಅಶ್ವಶಕ್ತಿಯ ಆಸುಪಾಸಿನಲ್ಲಿಯೇ ಇದೆ. ಇದಕ್ಕೆ ಇಮ್ಮಡಿ ಶಕ್ತಿ ಬೇಕೆಂದರೆ 2023ರಲ್ಲಿ ಬಂದ 452 ಸಿ.ಸಿ.ಯ ಹಿಮಾಲಯನ್‌ನಂತಹ ವಾಹನವುಂಟು. ಆದರೆ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿಯೂ 2023ರ ಆಗಸ್ಟ್‌ನಿಂದ ಅವುಗಳನ್ನು ನಿಷೇಧಿಸಲಾಗಿದೆ. ನಮ್ಮವರು ಊರಿಗೆ ಹೋಗುವ ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್, ದನಕರುಗಳು ಎದುರಾಗುತ್ತವೆ. ಅಲ್ಲಿ ಓಟಕ್ಕಿಂತ ನಿಲುಗಡೆಯ ಶಕ್ತಿ ಮುಖ್ಯ.

ಹಳೆಯ ವಾಹನ ಹಿಂದುಳಿಯುವುದು ಈ ಜಾಗದಲ್ಲಿಯೇ. 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರಗಳಿಗೆ ಎ.ಬಿ.ಎಸ್. ವ್ಯವಸ್ಥೆಯು ಹೊಸ ಮಾದರಿಗಳಲ್ಲಿ 2018ರ ಏಪ್ರಿಲ್‌ನಿಂದ, ಉಳಿದವುಗಳಲ್ಲಿ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಸವಾರ ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರ ತಿರುಗುವುದು ಪೂರಾ ನಿಂತು ವಾಹನ ಜಾರುತ್ತದೆ. ಎ.ಬಿ.ಎಸ್. ಚಕ್ರದ ವೇಗವನ್ನು ಅಳೆಯುತ್ತ, ಅದು ನಿಂತುಹೋಗುವ ಸೂಚನೆ ಕಂಡಕೂಡಲೆ ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಬಿಗಿಗೊಳಿಸುತ್ತದೆ. ಈ ಕ್ರಿಯೆ ಕ್ಷಣದಲ್ಲಿ ಹಲವು ಬಾರಿ ನಡೆಯುವುದರಿಂದ ವಾಹನ ಸವಾರನ ಹತೋಟಿಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಖಂಡಾಲಾ ಅಥವಾ ಅಂಬೋಲಿ ಘಟ್ಟ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಹಳೆಯ ವಾಹನಕ್ಕೆ ಇದನ್ನು ಗ್ಯಾರೇಜಿನಲ್ಲಿ ಜೋಡಿಸುವುದು ಕಾರ್ಯಸಾಧ್ಯವಲ್ಲ.

ಟ್ಯೂಬ್ ಇರುವ ಕಡ್ಡಿಚಕ್ರ ಪಂಕ್ಚರ್ ಆದರೆ ಗಾಳಿ ಒಮ್ಮೆಲೇ ಇಳಿಯುವ ಅಪಾಯವುಂಟು. ಟ್ಯೂಬ್‌ಲೆಸ್ ಟಯರಿನಲ್ಲಿ ಅದು ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ, ದಾರಿಯಲ್ಲೇ ಸರಿಪಡಿಸಿಕೊಳ್ಳಲೂ ಸುಲಭ. ಹೊಸ ಇಂಜಿನ್ನುಗಳಲ್ಲಿ ಕಂಪನ ಕಡಿಮೆಯಾಗಿರುವುದರಿಂದ ಐವತ್ತು ದಾಟಿದ ಸವಾರನ ಕೈ ಮತ್ತು ಬೆನ್ನಿಗೆ ನೆಮ್ಮದಿ. ಹಳೆಯದರ ಪಾಲಿಗೂ ಹೇಳಬೇಕಾದುದುಂಟು. ಮೀಟಿಯೋರ್‌ನ ಟ್ಯಾಂಕ್ 15 ಲೀಟರಿನದು, ಥಂಡರ್‌ಬರ್ಡ್‌ನದಕ್ಕಿಂತ ಚಿಕ್ಕದು. ಕಾರ್ಬುರೇಟರ್ ಕೆಟ್ಟರೆ ಹೆದ್ದಾರಿ ಬದಿಯ ಸಾಮಾನ್ಯ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲ. ಇಲೆಕ್ಟ್ರಾನಿಕ್ ಭಾಗ ಕೆಟ್ಟರೆ ಅಧಿಕೃತ ಗ್ಯಾರೇಜಿಗೇ ಸಾಗಿಸಬೇಕಾಗುತ್ತದೆ.

ಹಣದ ಲೆಕ್ಕ

ದುರಸ್ತಿಯ ಖರ್ಚನ್ನು ವಾಹನದ ಮಾರಾಟ ಬೆಲೆಗೆ ಹೋಲಿಸಿ ‘ಮೂಗಿಗಿಂತ ಮೂಗುತಿ ಭಾರ’ ಎನ್ನುವುದು ರೂಢಿ. ಆದರೆ ಈ ಹೋಲಿಕೆ ಸರಿಯಲ್ಲ. ಹೋಲಿಸಬೇಕಾದುದು ಎರಡರ ವಾರ್ಷಿಕ ವೆಚ್ಚವನ್ನು. ಒಂದು ಕಲ್ಪಿತ ಉದಾಹರಣೆ ನೋಡೋಣ. ಹಳೆಯ ವಾಹನದ ಪೂರ್ಣ ದುರಸ್ತಿಗೆ 50,000 ರೂ. ಹಾಕಿ ಅದು ಐದು ವರ್ಷ ಬಂದರೆ ವರ್ಷಕ್ಕೆ 10,000; ನಿರ್ವಹಣೆ ಮತ್ತು ವಿಮೆಗೆ 12,000; ಒಟ್ಟು 22,000 ರೂ. ಹೊಸದನ್ನು 2.5 ಲಕ್ಷಕ್ಕೆ ಕೊಂಡು ಐದು ವರ್ಷದ ಬಳಿಕ ಅದರ ಅರ್ಧ ಬೆಲೆಗೆ ಮಾರಿದರೆ ವರ್ಷಕ್ಕೆ 25,000. ನಿರ್ವಹಣೆ ಮತ್ತು ವಿಮೆಗೆ 12,000. ಒಟ್ಟು 37,000 ರೂ. ಸಾಲ ಮಾಡಿದ್ದರೆ ಬಡ್ಡಿ ಬೇರೆ. ಅಂದರೆ ಹಳೆಯದು ವರ್ಷಕ್ಕೆ 15,000 ರೂ. ಅಗ್ಗ. ಆದರೆ ಅದೇ 50,000ದ ದುರಸ್ತಿ ಎರಡು ವರ್ಷಕ್ಕೊಮ್ಮೆ ಬರುವಂತಾದರೆ ಹಳೆಯದರ ವೆಚ್ಚವೂ 37,000ಕ್ಕೆ ಬಂದು ನಿಲ್ಲುತ್ತದೆ. ಹಣದ ದೃಷ್ಟಿಯಿಂದ ಅಂದೇ ಅದನ್ನು ಬೀಳ್ಕೊಡಬೇಕಾದ ದಿನ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿಕೊಳ್ಳಬಹುದು.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಮೋಟಾರ್ ಸೈಕಲ್‌ಗಳ ಮೇಲಣ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವುಗಳಿಗೆ ಶೇ. 40ಕ್ಕೆ ಏರಿತು. 350ರ ಮಿತಿಯೊಳಗೆ ಆಯ್ಕೆ ಮಾಡಿದರೆ ಅಗತ್ಯವಾದ ಸುರಕ್ಷತೆಯೆಲ್ಲ ಕಡಿಮೆ ತೆರಿಗೆಯಲ್ಲಿ ದೊರೆಯುತ್ತದೆ. ಹಳೆಯದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದರೆ ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮವು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಮಾರುವುದಾದರೆ ಆರ್.ಸಿ. ಕೊಂಡವರ ಹೆಸರಿಗೆ ಬದಲಾಗುವವರೆಗೆ ಸುಮ್ಮನಿರಬಾರದು. ದಾಖಲೆಯಲ್ಲಿ ಹೆಸರಿರುವವರೆಗೆ ಅಪಘಾತದ ಹೊಣೆ ಹಳೆಯ ಮಾಲೀಕರ ತಲೆಯ ಮೇಲೆಯೇ ಬರುತ್ತದೆ.

ಭಾವನೆಯ ಪಾಲು

ವಾಹನದ ಮೇಲಣ ಮಮತೆ ತಪ್ಪಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕಿಕೊಂಡವರು ಎಷ್ಟೋ ಮಂದಿ. ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಪ್ರತ್ಯೇಕ ಮಾನ್ಯತೆಯನ್ನೇ ನೀಡಿವೆ. ಆದರೆ ಹಾಗೆ ಮಾನ್ಯತೆ ಪಡೆದ ವಾಹನವನ್ನು ನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ. ಈ ನಿಯಮದಲ್ಲಿಯೇ ಒಂದು ವಿವೇಕವಿದೆ. ನೆನಪಿಗಾಗಿ ಇಟ್ಟುಕೊಳ್ಳುವ ವಾಹನ ಬೇರೆ, ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಸಾವಿರ ಕಿಲೋಮೀಟರ್ ಹೋಗುವ ವಾಹನ ಬೇರೆ. ಒಂದರಿಂದಲೇ ಎರಡೂ ಆಗಬೇಕೆಂದು ಹಟ ಹಿಡಿದಾಗಲೇ ತೊಡಕು.

ಕೊನೆಯ ಮಾತು

ಕಾಗದಪತ್ರ ಸರಿಯಿದ್ದು, ಫ್ರೇಮು ಗಟ್ಟಿಯಿದ್ದು, ಸವಾರಿ ಹೆಚ್ಚಾಗಿ ಒಬ್ಬರದೇ ಆಗಿ, ವರ್ಷಕ್ಕೆ ಒಂದೆರಡು ಬಾರಿ ಒಣ ಹವೆಯಲ್ಲಿ, ಹಗಲು ಹೊತ್ತಿನಲ್ಲಿ ಮಾತ್ರ ದೂರ ಹೋಗುವುದಾದರೆ ಹಳೆಯದನ್ನೇ ದುರಸ್ತಿ ಮಾಡಿಸಿಕೊಳ್ಳಿ. ಹೊಸ ಟಯರು, ಹೊಸ ಬ್ರೇಕ್ ಪ್ಯಾಡು, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಆಯಿಲ್, ಇವಿಷ್ಟಕ್ಕೆ ಜಿಪುಣತನ ಬೇಡ. ದುರಸ್ತಿಯ ನಂತರ ಇನ್ನೂರು ಮುನ್ನೂರು ಕಿಲೋಮೀಟರ್ ಸಮೀಪದಲ್ಲಿಯೇ ಓಡಿಸಿ ನೋಡಿ, ಆಮೇಲೆ ಊರಿನ ದಾರಿ ಹಿಡಿಯಿರಿ. ಹಿಂಬದಿಯಲ್ಲಿ ಮನೆಯವರು ಕೂರುವುದಾದರೆ, ಮಳೆಗಾಲದಲ್ಲಿಯೂ ಘಟ್ಟ ದಾಟಬೇಕಾದರೆ, ಹಣದ ಲೆಕ್ಕ ಏನೇ ಹೇಳಲಿ, ಎ.ಬಿ.ಎಸ್. ಇರುವ ವಾಹನಕ್ಕೆ ಬದಲಾಗುವುದೇ ಜಾಣತನ. ಹೊಸದಕ್ಕೆ ಹಣ ಸಾಲದಿದ್ದರೆ 2019ರ ಬಳಿಕ ತಯಾರಾದ, ಒಬ್ಬರೇ ಮಾಲೀಕರಿದ್ದ ಬಳಸಿದ ವಾಹನವೂ ಈ ಅಗತ್ಯವನ್ನು ಪೂರೈಸುತ್ತದೆ.

ನಿರ್ಧಾರ ಯಾವುದೇ ಇರಲಿ, ಅದನ್ನು ಸವಾರ ಒಬ್ಬನೇ ಕೈಗೊಳ್ಳದೆ ಹಿಂದೆ ಕೂರುವವರನ್ನೂ ಕೇಳಿ ಕೈಗೊಳ್ಳಲಿ. ಇಬ್ಬರೂ ಹೆಲ್ಮೆಟ್ ಧರಿಸಿ ಸುಖವಾಗಿ ಊರು ಸೇರುವುದಕ್ಕಿಂತ ದೊಡ್ಡ ಲಾಭ ಯಾವ ಲೆಕ್ಕದಲ್ಲಿಯೂ ಇಲ್ಲ.